ಥೀಸಿಸ್ ಶೋಧಗಂಗಾಕ್ಕೆ ಹೋಗಬೇಕು: ಕಾಪಿರೈಟ್ ಯಾರ ಕೈಯಲ್ಲಿದೆ ಅಂತ ನೋಡೋದು ಹೇಗೆ?

ಸಗರನಾಡಿನ ಹುಡುಗಿ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶಹಾಪುರ, ಸುರಪುರ ಕಡೆಯ ಮೊಹರಂ ಪದ ಮತ್ತು ತತ್ವಪದಗಳ ಮೇಲೆ. ವೈವಾ ಮುಗಿಯಿತು. ಈಗ ಗ್ರಂಥಾಲಯಕ್ಕೆ ಸಾಫ್ಟ್ ಕಾಪಿ ಕೊಟ್ಟು ಒಂದು ಒಪ್ಪಿಗೆ ಫಾರ್ಮ್‌ಗೆ ಸಹಿ ಹಾಕಬೇಕು. ಪೂರ್ತಿ ಇಂಗ್ಲಿಷ್, ಸಣ್ಣ ಅಕ್ಷರ.

ನನ್ನ ಗೊಂದಲ ಇಷ್ಟು. ಮೂರನೇ ಅಧ್ಯಾಯ ಇಂಗ್ಲಿಷ್ ಲೇಖನವಾಗಿ ಹೊರದೇಶದ ಪ್ರಕಾಶಕರ ಪತ್ರಿಕೆಯಲ್ಲಿ ಬಂದಿದೆ, ಗೈಡ್ ಹೆಸರೂ ಇದೆ. ಆಗ ಆನ್‌ಲೈನ್‌ನಲ್ಲಿ ಏನೋ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿದ್ದೆವು. ಐದನೇ ಅಧ್ಯಾಯದ ಅರ್ಧ ಒಂದು ಕನ್ನಡ ತ್ರೈಮಾಸಿಕದಲ್ಲಿ ಬಂದಿದೆ. ಅವರು ಯಾವ ಕಾಗದಕ್ಕೂ ಸಹಿ ಕೇಳಲಿಲ್ಲ. ಫೋಟೊಗಳಲ್ಲಿ ಕೆಲವು ನಾನು ತೆಗೆದದ್ದು, ಕೆಲವು ಗೆಳತಿ ತೆಗೆದದ್ದು, ಅಶೋಕನ ಶಿಲ್ಪ ಸಿಕ್ಕ ಸನ್ನತಿ ಕಡೆಯವು ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು. ಹಾಡುಗಾರರ ಧ್ವನಿಮುದ್ರಿಕೆಯನ್ನೂ ಅನುಬಂಧದ ಜೊತೆ ಕೊಡಬೇಕು ಅಂದುಕೊಂಡಿದ್ದೇನೆ.

ಇದರ ಮೇಲೆ ಊರಿನ ಪ್ರಕಾಶಕರೊಬ್ಬರು ಪುಸ್ತಕ ಮಾಡುತ್ತೇವೆ ಅಂದಿದ್ದಾರೆ. "ನೆಟ್‌ಗೆ ಹಾಕಿದರೆ ಯಾರು ಕೊಳ್ಳುತ್ತಾರೆ, ಹಾಕಬೇಡಿ" ಅನ್ನುತ್ತಾರೆ. ಏನು ಮಾಡಲಿ?

ಬಿಸಿಲು44:

ಅಕ್ಕಾ, ಸುಮ್ನೆ ಸಹಿ ಹಾಕಿ ಕೊಡಿ. ಮೊದಲು ಪದವಿ ಕೈಗೆ ಬರಲಿ. ಆ ಫಾರ್ಮ್ ಇಲ್ಲಿವರೆಗೆ ಯಾರೂ ಓದಿಲ್ಲ. ಕೊಡುವವರೂ ಓದಿಲ್ಲ.

ಕಪಾಟು ನಂ. 7:

ಕೊಡುವವರು ಓದಿದ್ದೇವೆ ಸ್ವಾಮಿ. ನಾನು ಗ್ರಂಥಾಲಯದಲ್ಲೇ ಕೆಲಸ ಮಾಡುವವಳು. ಥೀಸಿಸ್ ಅಪ್‌ಲೋಡ್ ಮಾಡುವುದೇ ನನ್ನ ದಿನದ ಕೆಲಸದಲ್ಲಿ ಅರ್ಧ.

ಮೊದಲಿಗೆ, ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಥೀಸಿಸ್‌ನ ಎಲೆಕ್ಟ್ರಾನಿಕ್ ಪ್ರತಿ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲೇ ಹೇಳಿತು. 2016ರ ನಿಯಮದಲ್ಲೂ ಇತ್ತು, 2022ರ ನಿಯಮದಲ್ಲೂ ಇದೆ. ಮೌಲ್ಯಮಾಪನ ಮುಗಿದ ಮೇಲೆ, ಪದವಿ ಘೋಷಿಸುವ ಮೊದಲು, ವಿಶ್ವವಿದ್ಯಾಲಯ ಆ ಪ್ರತಿಯನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರಕ್ಕೆ ಕಳಿಸಬೇಕು. ಅವರು ನೆಟ್‌ನಲ್ಲಿ ನಡೆಸುವ ಥೀಸಿಸ್ ಭಂಡಾರವೇ ಶೋಧಗಂಗಾ. ಹಾಗಾಗಿ ನಿಮ್ಮ ಪ್ರಕಾಶಕರ "ಹಾಕಬೇಡಿ" ಅನ್ನುವ ಮಾತು ನಡೆಯುವುದಿಲ್ಲ. ಏನನ್ನು ಹಾಕುತ್ತೀರಿ, ಯಾವಾಗ ತೆರೆಯುತ್ತೀರಿ, ಯಾವ ಷರತ್ತಿನ ಮೇಲೆ, ಅಷ್ಟೇ ನಿಮ್ಮ ಕೈಯಲ್ಲಿರುವುದು.

ಇನ್ನು ಫಾರ್ಮ್. ಶೋಧಗಂಗಾ ನಡೆಯುವುದು ಡಿಸ್ಪೇಸ್ ಅನ್ನುವ ಸಾಫ್ಟ್‌ವೇರ್ ಮೇಲೆ. ಎಷ್ಟೋ ವಿಶ್ವವಿದ್ಯಾಲಯಗಳ ಸ್ವಂತ ಭಂಡಾರಗಳೂ ಅದರ ಮೇಲೇ ಇವೆ. ಡಿಸ್ಪೇಸ್ ಜೊತೆ ಬರುವ ಒಪ್ಪಿಗೆ ಪತ್ರದಲ್ಲಿ ಮುಖ್ಯವಾಗಿ ಮೂರು ಮಾತು ಇರುತ್ತವೆ. ಒಂದು, ಈ ಕೃತಿಯನ್ನು ಇಟ್ಟುಕೊಳ್ಳಲು ಮತ್ತು ಹಂಚಲು ನಾನು ನಾನ್-ಎಕ್ಸ್‌ಕ್ಲೂಸಿವ್ (ನಿಮಗೊಬ್ಬರಿಗೇ ಅಂತಲ್ಲದ) ಅನುಮತಿ ಕೊಡುತ್ತೇನೆ. ಎರಡು, ಉಳಿಸಿಕೊಳ್ಳಲು ಬೇಕಾದರೆ ನೀವು ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸಬಹುದು, ಒಂದಕ್ಕಿಂತ ಹೆಚ್ಚು ಪ್ರತಿ ಇಡಬಹುದು. ಮೂರು, ಇದು ನನ್ನದೇ ಕೃತಿ. ಬೇರೆಯವರ ಹಕ್ಕಿನ ವಸ್ತು ಇದ್ದರೆ ಅದಕ್ಕೆ ಅನುಮತಿ ಪಡೆದಿದ್ದೇನೆ.

ಎಲ್ಲರೂ ಹೆದರುವುದು ಮೊದಲನೇ ಮಾತಿಗೆ. ಸಹಿ ಹಾಕಿದರೆ ಥೀಸಿಸ್ ವಿಶ್ವವಿದ್ಯಾಲಯದ ಪಾಲಾಯಿತು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕಾಪಿರೈಟ್ ನಿಮ್ಮಲ್ಲೇ ಇರುತ್ತದೆ. ಅದೇ ಬರಹವನ್ನು ನಾಳೆ ಪುಸ್ತಕ ಮಾಡಬಹುದು, ಇನ್ನೊಂದು ಕಡೆಗೂ ಕೊಡಬಹುದು. ಯಾರೂ ಹೆದರದೇ ಸಹಿ ಹಾಕುವುದು ಮೂರನೇ ಮಾತಿಗೆ. ಕುತ್ತಿಗೆಗೆ ಬರುವುದು ಅದೇ. ನೀವು ಹೇಳಿದ ಪತ್ರಿಕೆ, ಫೋಟೊ, ಹಾಡು, ಎಲ್ಲವೂ ಆ ಒಂದು ಸಾಲಿನ ಒಳಗೆ ಬರುತ್ತವೆ.

ಹಾಗಾಗಿ ಈಗ ಹಾಕಬೇಕಾದ ಸಹಿಯ ಚಿಂತೆ ಬಿಡಿ. ಹಿಂದೆ ಪತ್ರಿಕೆಗೆ ಕೊಟ್ಟ ಸಹಿ ಏನು ಹೇಳುತ್ತದೆ, ಅದನ್ನು ಹುಡುಕಿ.

ಸಗರನಾಡಿನ ಹುಡುಗಿ:

ಅಂದರೆ ಪತ್ರಿಕೆಗೆ ಕೊಟ್ಟದ್ದು ಈಗ ನನ್ನದಲ್ಲ ಅಂತಾನಾ? ಬರೆದವಳು ನಾನೇ ಅಲ್ವಾ?

ಕಲಂ ಮತ್ತು ಕಲಮು:

ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಂದಿಷ್ಟು ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಕ್ಷಮಿಸಿ.

1957ರ ಕಾಪಿರೈಟ್ ಕಾಯ್ದೆಯ ಕಲಂ 17ರ ಪ್ರಕಾರ ಬರೆದವರೇ ಮೊದಲ ಒಡೆಯರು. ನೌಕರಿಯ ಭಾಗವಾಗಿ ಬರೆದರೆ ಮಾಲೀಕರಿಗೆ ಹೋಗಬಹುದು. ಆದರೆ ಸಂಶೋಧನಾ ವಿದ್ಯಾರ್ಥಿ ನೌಕರನಲ್ಲ. ಫೆಲೋಶಿಪ್ ಬಂತು ಅಂದಮಾತ್ರಕ್ಕೆ ನೌಕರ ಆಗುವುದಿಲ್ಲ. ಗೈಡ್ ತಿದ್ದಿದರು ಅಂತ ಥೀಸಿಸ್ ಅವರದ್ದೂ ಆಗುವುದಿಲ್ಲ. ಲೇಖನದ ಮಾತು ಬೇರೆ. ಅಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಒಡೆಯರು, ಇಬ್ಬರ ಒಪ್ಪಿಗೆಯೂ ಬೇಕು. ಗೈಡ್‌ಗೆ ಒಂದು ಮೇಲ್ ಹಾಕಿ ಒಪ್ಪಿಗೆ ತೆಗೆದಿಡಿ. ಬಾಯಿಮಾತು ಸಾಕು ಅನ್ನಬೇಡಿ. ಅವರು ನಿವೃತ್ತರಾದ ಮೇಲೆ ಹಿಡಿಯುವುದು ಕಷ್ಟ.

ಆ ಒಡೆತನವನ್ನು ಬೇರೆಯವರಿಗೆ ದಾಟಿಸಬೇಕಾದರೆ ಕಲಂ 19 ಬೇಕು. ಅಲ್ಲಿ ನಿಮಗೆ ಬೇಕಾದ ಮಾತುಗಳಿವೆ. ಬರಹದಲ್ಲಿ ಇರಬೇಕು, ಸಹಿ ಇರಬೇಕು. ಇಲ್ಲದಿದ್ದರೆ ಹಸ್ತಾಂತರ ನಡೆಯಲೇ ಇಲ್ಲ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷ ಅಂತ ಕಾನೂನೇ ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ.

ಈಗ ನಿಮ್ಮ ಕನ್ನಡ ತ್ರೈಮಾಸಿಕ ನೋಡಿ. ಕಾಗದವೇ ಇಲ್ಲ. ಅಂದರೆ ನೀವು ಅವರಿಗೆ ಕಾಪಿರೈಟ್ ಕೊಟ್ಟೇ ಇಲ್ಲ. ಆ ಸಂಚಿಕೆಯಲ್ಲಿ ಅಚ್ಚು ಹಾಕಲು ಒಪ್ಪಿದಿರಿ, ಅಷ್ಟೇ. ಪತ್ರಿಕೆಯ ಒಳಪುಟದಲ್ಲಿ "ಎಲ್ಲ ಹಕ್ಕುಗಳು ಪ್ರಕಾಶಕರವು" ಅಂತ ಅಚ್ಚಾಗಿರುತ್ತದೆ. ಅದು ಅವರು ಬರೆದುಕೊಂಡದ್ದು, ನೀವು ಬರೆದುಕೊಟ್ಟದ್ದಲ್ಲ. ನಮ್ಮ ಕಡೆ ಬಹಳಷ್ಟು ಜನ ಆ ಒಂದು ಸಾಲು ನೋಡಿ ತಮ್ಮ ಲೇಖನವನ್ನೇ ತಾವು ಮುಟ್ಟಲು ಹೆದರುತ್ತಾರೆ.

ಹೊರದೇಶದ ಪತ್ರಿಕೆಯದು ಹಾಗಲ್ಲ. ಅಲ್ಲಿ ಒಪ್ಪಂದ ಇದೆ. ಪೂರ್ತಿ ಹಸ್ತಾಂತರವಾಗಿದ್ದರೆ ಲೇಖನದ ಒಡೆಯರು ಅವರು. ಮಾರಿದ ಮನೆಯನ್ನು ಬಾಡಿಗೆಗೆ ಕೊಡಲು ಬರುತ್ತದಾ? ಗ್ರಂಥಾಲಯಕ್ಕೆ ಅನುಮತಿ ಕೊಡುವ ಹಕ್ಕು ನಿಮ್ಮಲ್ಲಿ ಉಳಿದಿದೆಯೋ ಇಲ್ಲವೋ ಅಂತ ಆ ಒಪ್ಪಂದವೇ ಹೇಳಬೇಕು. ಅದನ್ನು ಮೇಲ್‌ನಲ್ಲಿ ಹುಡುಕಿ.

ಒಂದು ಸಮಾಧಾನ ಇದೆ. ಏನೇ ಮಾರಿದರೂ ಕಲಂ 57ರ ಹಕ್ಕು ಹೋಗುವುದಿಲ್ಲ. ಬರೆದವಳು ನೀವೇ ಅಂತ ಹೇಳಿಕೊಳ್ಳುವುದು, ಹೆಸರು ಕೆಡುವ ಹಾಗೆ ಬರಹವನ್ನು ತಿರುಚಿದರೆ ಕೇಳುವುದು, ಇವೆರಡೂ ನಿಮ್ಮವೇ.

ಬಿಸಿಲು44:

ಇಷ್ಟೆಲ್ಲಾ ಇದೆ ಅಂತ ಗೊತ್ತಿದ್ದರೆ ನಾನು ಎಂಎಗೇ ನಿಲ್ಲಿಸಿದ್ದು ಒಳ್ಳೆಯದೇ ಆಯ್ತು.

ಸಗರನಾಡಿನ ಹುಡುಗಿ:

ಮೇಲ್ ಸಿಕ್ಕಿತು. ಒಪ್ಪಂದದ ಪಿಡಿಎಫ್ ಅದರಲ್ಲೇ ಇದೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಾಪಿರೈಟ್ ಪೂರ್ತಿ ಅವರಿಗೆ, ಕಾಲಾವಧಿ ಮುಗಿಯುವವರೆಗೆ, ಜಗತ್ತಿಗೆಲ್ಲ. ಕೆಳಗೆ "ಲೇಖಕರಿಗೆ ಉಳಿಯುವ ಹಕ್ಕುಗಳು" ಅಂತ ಒಂದು ಭಾಗ ಇದೆ. ಲೇಖನವನ್ನು ಸ್ವಂತ ಥೀಸಿಸ್‌ನಲ್ಲಿ ಸೇರಿಸಬಹುದು, ಮೂಲ ಪ್ರಕಟಣೆಯ ಉಲ್ಲೇಖ ಇರಬೇಕು ಅಂತ. ಅದರ ಕೆಳಗೆ, ಒಪ್ಪಿತ ಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿ ಪ್ರಕಟವಾದ 12 ತಿಂಗಳ ನಂತರ ತೆರೆದಿಡಬಹುದು ಅಂತ. ಒಪ್ಪಿತ ಪ್ರತಿ ಅಂದರೆ ಯಾವುದು? ನನ್ನ ಹತ್ತಿರ ಫೈಲ್‌ಗಳು ಬಹಳ ಇವೆ.

ಕಪಾಟು ನಂ. 7:

ಇದನ್ನು ಸರಿಯಾಗಿ ನೋಡಿಕೊಳ್ಳಿ. ಭಂಡಾರಕ್ಕೆ ಬರುವ ಲೇಖನಗಳಲ್ಲಿ ಜಾಸ್ತಿ ಎಡವಟ್ಟಾಗುವುದೇ ಇಲ್ಲಿ.

ನೀವು ಮೊದಲು ಕಳಿಸಿದ್ದು, ವಿಮರ್ಶಕರು ನೋಡುವ ಮುಂಚಿನದು, ಪ್ರೀಪ್ರಿಂಟ್. ವಿಮರ್ಶಕರ ಟಿಪ್ಪಣಿ ನೋಡಿ ತಿದ್ದಿ, "ಲೇಖನ ಒಪ್ಪಿದ್ದೇವೆ" ಅಂತ ಮೇಲ್ ಬಂತಲ್ಲ, ಆಗ ನೀವು ಕೊನೆಗೆ ಕಳಿಸಿದ ವರ್ಡ್ ಫೈಲ್ ಒಪ್ಪಿತ ಪ್ರತಿ. ಆಮೇಲೆ ಅವರು ಪುಟ ಕಟ್ಟಿ, ಪತ್ರಿಕೆಯ ಲಾಂಛನ, ಪುಟಸಂಖ್ಯೆ, ಅಡಿಯಲ್ಲಿ ಅವರ ಕಾಪಿರೈಟ್ ಸಾಲು ಹಾಕಿ ಹೊರಗೆ ತಂದದ್ದು ಪ್ರಕಟಿತ ಪ್ರತಿ. ಪ್ರೂಫ್ ನೋಡಲು ಬಂದ ಪಿಡಿಎಫ್ ಕೂಡ ಅವರ ಪುಟವಿನ್ಯಾಸವೇ. ಅದನ್ನು ಮುಟ್ಟಬೇಡಿ.

ನೋಡಲು ಚೆಂದ ಅಂತ ಎಲ್ಲರೂ ತಂದುಕೊಡುವುದು ಪ್ರಕಟಿತ ಪಿಡಿಎಫ್. ಬಹಳ ಪ್ರಕಾಶಕರು ಬೇಡ ಅನ್ನುವುದು ಅದನ್ನೇ. ವರ್ಡ್ ಫೈಲ್ ತನ್ನಿ ಅಂದರೆ "ಅದು ಡಿಟಿಪಿ ಅಂಗಡಿಯಲ್ಲಿದೆ" ಅನ್ನುತ್ತಾರೆ! ಆ ಫೈಲ್ ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ನಿಮ್ಮ ವಿಷಯದಲ್ಲಿ ಎರಡು ಬೇರೆ ಬೇರೆ ಠೇವಣಿಗಳಿವೆ, ಅಂದರೆ ಭಂಡಾರಕ್ಕೆ ಫೈಲ್ ಕೊಡುವುದು. ಥೀಸಿಸ್‌ನ ಒಳಗೆ ಮೂರನೇ ಅಧ್ಯಾಯವಾಗಿ ಹೋಗುವುದು ಒಂದು. ಅದಕ್ಕೆ ಒಪ್ಪಂದದಲ್ಲೇ ಜಾಗ ಇದೆ. ಅಧ್ಯಾಯದ ಮೊದಲ ಪುಟದಲ್ಲಿ ಪತ್ರಿಕೆ, ವರ್ಷ, ಸಂಪುಟ, ಡಿಒಐ (ಲೇಖನದ ಆನ್‌ಲೈನ್ ಗುರುತಿನ ಸಂಖ್ಯೆ) ಬರೆದು, ಪ್ರಕಾಶಕರ ಒಪ್ಪಂದದ ಪ್ರಕಾರ ಬಳಸಿದೆ ಅಂತ ಒಂದು ಸಾಲು ಹಾಕಿ. ಲೇಖನವನ್ನೇ ಪ್ರತ್ಯೇಕವಾಗಿ ವಿಶ್ವವಿದ್ಯಾಲಯದ ಭಂಡಾರಕ್ಕೆ ಹಾಕುವುದು ಇನ್ನೊಂದು. ಅದಕ್ಕೆ ಒಪ್ಪಿತ ಪ್ರತಿ, 12 ತಿಂಗಳ ಕಾಯುವಿಕೆ. ಆದರೂ ಇವತ್ತೇ ಫೈಲ್ ಕೊಡಬಹುದು. ಹೆಸರು, ಸಾರಾಂಶ ಕಾಣುತ್ತದೆ, ಫೈಲ್ ಆ ತಾರೀಕಿಗೆ ತಾನೇ ತೆರೆಯುತ್ತದೆ.

ಬೇರೆಯವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ. ಒಪ್ಪಂದ ಕಳೆದುಹೋಗಿದ್ದರೆ ಬ್ರಿಟನ್ನಿನ ಜಿಸ್ಕ್ ಸಂಸ್ಥೆ ನಡೆಸುವ, ಪತ್ರಿಕೆಗಳ ನಿಯಮ ತೋರಿಸುವ ಓಪನ್ ಪಾಲಿಸಿ ಫೈಂಡರ್ ತಾಣದಲ್ಲಿ ಪತ್ರಿಕೆಯ ಹೆಸರು ಹಾಕಿ ನೋಡಿ. ಹಳಬರಿಗೆ ಶೆರ್ಪಾ ರೋಮಿಯೋ ಅನ್ನುವ ಹಳೆಯ ಹೆಸರು ಹೇಳಿದರೆ ಗೊತ್ತಾಗುತ್ತದೆ. ಸ್ಪ್ರಿಂಗರ್‌ನ ಚಂದಾ ಪತ್ರಿಕೆಗಳಲ್ಲಿ ಒಪ್ಪಿತ ಪ್ರತಿಗೆ ಸಾಮಾನ್ಯವಾಗಿ 12 ತಿಂಗಳು. ಎಲ್ಸೆವಿಯರ್‌ನಲ್ಲಿ ಪತ್ರಿಕೆಗೊಂದು ಅವಧಿ. ನಮ್ಮ ಕನ್ನಡ ಪತ್ರಿಕೆಗಳನ್ನು ಅಲ್ಲಿ ಹುಡುಕಬೇಡಿ, ಸಂಪಾದಕರಿಗೇ ಬರೆಯಿರಿ.

ನಂದಿನಗರ ಹಾಸ್ಟೆಲ್:

ಬೀದರ್‌ನಿಂದ. ನಮ್ಮದು ಪಶುವೈದ್ಯಕೀಯ. ನಮ್ಮ ಥೀಸಿಸ್‌ಗಳು ಹೋಗುವುದು ಕೃಷಿಕೋಶ್ ಭಂಡಾರಕ್ಕೆ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) 2013ರಲ್ಲಿ ಮುಕ್ತ ಪ್ರವೇಶ ನೀತಿ ತಂದಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಹಣ ಪಡೆದ ಸಂಶೋಧನೆಗೆ 2014ರ ನೀತಿ ಇದೆ. ಒಪ್ಪಿತ ಪ್ರತಿಯನ್ನು ಸಂಸ್ಥೆಯ ಭಂಡಾರಕ್ಕೆ ಹಾಕಬೇಕು. ವಿಜ್ಞಾನಕ್ಕೆ 6 ತಿಂಗಳು, ಮಾನವಿಕಕ್ಕೆ 12 ತಿಂಗಳು ತಡೆ ಇಡಬಹುದು, ಅಂದರೆ ಅಲ್ಲಿಯವರೆಗೆ ತೆರೆಯದೆ ಇಡಬಹುದು.

ವಿಜ್ಞಾನದವರಿಗೆ ಕಾಪಿರೈಟ್‌ಗಿಂತ ಪೇಟೆಂಟ್ ದೊಡ್ಡ ತಲೆನೋವು. ನಮ್ಮ ಸೀನಿಯರ್ ಒಬ್ಬರು ಒಂದು ರೋಗಪತ್ತೆ ಕಿಟ್ ಮಾಡಿದ್ದರು. ಥೀಸಿಸ್ ತೆರೆದುಕೊಂಡ ಮೇಲೆ ಪೇಟೆಂಟ್ ಯೋಚನೆ ಬಂತು. ಜಗತ್ತಿಗೆ ಒಮ್ಮೆ ತಿಳಿಸಿದ್ದನ್ನು ಹೊಸದು ಅಂತ ಹೇಳುವುದು ಹೇಗೆ? ಅರ್ಜಿ ಮೊದಲು, ಠೇವಣಿ ತೆರೆಯುವುದು ಆಮೇಲೆ. ಅರ್ಜಿ ಹಾಕುವವರೆಗೆ ತಡೆ ಕೇಳಿ. ಕನ್ನಡ ವಿಭಾಗದವರಿಗೆ ಈ ಚಿಂತೆ ಇಲ್ಲ, ಪುಣ್ಯವಂತರು.

ಹಳೇ ಮೇಷ್ಟ್ರು:

ನಿವೃತ್ತ ಉಪನ್ಯಾಸಕ, ಬೀದರ್ ಜಿಲ್ಲೆ. ನನ್ನ ಥೀಸಿಸ್ ಟೈಪ್‌ರೈಟರ್ ಕಾಲದ್ದು. ಮೊನ್ನೆ ಮೊಮ್ಮಗ ನೆಟ್‌ನಲ್ಲಿ ತೋರಿಸಿದ. ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ನನ್ನನ್ನು ಯಾರೂ ಕೇಳಲಿಲ್ಲ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ಜಗಳ ಬೇಡ. ಹಾಗೆ ಹಾಕಬಹುದೇ?

ಕಲಂ ಮತ್ತು ಕಲಮು:

ಸರ್, ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಉಳಿಸಿಕೊಳ್ಳಲು ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯಗಳಿಗೆ ಕಲಂ 52ರಲ್ಲಿ ಆ ವಿನಾಯಿತಿ ಇದೆ. ಉಳಿಸಿಡುವುದು ಬೇರೆ, ಊರಿಗೆಲ್ಲ ತೆರೆದಿಡುವುದು ಬೇರೆ. ಎರಡನೆಯದಕ್ಕೆ ನಿಮ್ಮ ಒಪ್ಪಿಗೆ ಬೇಕಿತ್ತು ಅಂತ ನನ್ನ ಅಭಿಪ್ರಾಯ. ಆಗಿನ ನಿಯಮದಲ್ಲಿ ಏನಾದರೂ ಬರೆದುಕೊಟ್ಟಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ತೆಗೆಸಬೇಕಾದರೆ ಗ್ರಂಥಪಾಲಕರಿಗೆ ಪತ್ರ ಬರೆಯಿರಿ.

ಹಳೇ ಮೇಷ್ಟ್ರು:

ತೆಗೆಸುವುದು ಯಾಕೆ? ಇಷ್ಟು ವರ್ಷ ಕಪಾಟಿನಲ್ಲಿ ಧೂಳು ತಿಂದದ್ದನ್ನು ಈಗ ಯಾರಾದರೂ ಓದಲಿ. ಕೇಳಿದ್ದರೆ ಖುಷಿಯಿಂದ ಕೊಡುತ್ತಿದ್ದೆ, ಅಷ್ಟೇ ನನ್ನ ತಕರಾರು.

ಎಲ್ಲಾ ತೆರೆದಿಡಿ:

ಮೇಷ್ಟ್ರು ಹೇಳಿದ್ದು ಸರಿ. ಜನರ ತೆರಿಗೆ ದುಡ್ಡಿನ ಫೆಲೋಶಿಪ್, ಜನರ ಹಾಡು, ಜನರ ವಿಶ್ವವಿದ್ಯಾಲಯ. ಇದರಲ್ಲಿ ತಡೆ ಯಾಕೆ? ಹತ್ತಾರು ಥೀಸಿಸ್ ಒಂದರ ನಕಲು ಇನ್ನೊಂದು ಅಂತ ಗೊತ್ತಾಗಿದ್ದೇ ಎಲ್ಲವೂ ನೆಟ್‌ಗೆ ಬಂದ ಮೇಲೆ. ಮುಚ್ಚಿಡುವವರ ಮೇಲೆ ನನಗಂತೂ ಅನುಮಾನವೇ.

ಮುದ್ರಣಾಲಯದ ಮಗ:

ಅನುಮಾನ ಪಡುವ ಮೊದಲು ನಮ್ಮ ಕಡೆಯದೂ ಕೇಳಿ. ನಮ್ಮದು ಕಲಬುರಗಿಯಲ್ಲಿ ಸಣ್ಣ ಪ್ರಕಾಶನ. (ಮೇಲಿನ ಪ್ರಕಾಶಕರು ನಾವಲ್ಲ!) ಸಂಶೋಧನಾ ಪುಸ್ತಕ ಅಂಗಡಿಯಲ್ಲಿ ಮಾರಾಟ ಆಗುವುದು ಕಡಿಮೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಂದರೆ ಕಾಗದದ ಖರ್ಚು ಹುಟ್ಟುತ್ತದೆ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ ಅಂದರೆ ಹೆದರಿಕೆ ಸಹಜ.

ಆದರೆ ನಿಜ ಹೇಳಬೇಕೆಂದರೆ ಥೀಸಿಸ್ ಹಾಗೇ ಪುಸ್ತಕ ಆಗುವುದಿಲ್ಲ, ಆಗಬಾರದು. ಮೊದಲ ಅಧ್ಯಾಯದ "ಸಂಶೋಧನೆಯ ಉದ್ದೇಶಗಳು, ವ್ಯಾಪ್ತಿ, ಮಿತಿ" ಯಾರಿಗೆ ಬೇಕು? ಪ್ರಾದೇಶಿಕ ಹಿನ್ನೆಲೆ ಅಂತ ಎರಡನೇ ಅಧ್ಯಾಯ. ಹಾಡಿನ ಮೇಲೆ ಇರಲಿ, ತೊಗರಿ ಬೆಳೆಯ ಮೇಲೆ ಇರಲಿ, ನಮ್ಮ ಭಾಗದ ಥೀಸಿಸ್ ಅಶೋಕನಿಂದ ಶುರುವಾಗಿ ಬಹಮನಿಗಳನ್ನು ದಾಟಿ ನಿಜಾಮರಿಗೆ ಬರಲೇಬೇಕು. ಅದನ್ನೆಲ್ಲ ತೆಗೆದು ಮತ್ತೆ ಬರೆದರೆ ಪುಸ್ತಕ ಬೇರೆಯೇ ಆಗುತ್ತದೆ. ಹಾಗೆ ಬರೆದವರ ಪುಸ್ತಕ ಥೀಸಿಸ್ ನೆಟ್‌ನಲ್ಲಿದ್ದರೂ ಹೋಗಿದೆ. ಬರೆಯದವರದು ನೆಟ್‌ನಲ್ಲಿ ಇಲ್ಲದಿದ್ದರೂ ಗೋಡೌನ್‌ನಲ್ಲೇ ಇದೆ.

ಸಗರನಾಡಿನ ಹುಡುಗಿ:

ಎಷ್ಟು ನಿಜ! ನನ್ನ ಎರಡನೇ ಅಧ್ಯಾಯವೂ ಅಶೋಕನದೇ. ಸನ್ನತಿಯ ಫೋಟೊ ಅದಕ್ಕೇ ಬೇಕಾಗಿತ್ತು.

ಒಂದು ಅನುಮಾನ. ಶೋಧಗಂಗಾ ಪುಟದ ಕೆಳಗೆ ಸಿಸಿ ಬಿವೈ-ಎನ್‌ಸಿ-ಎಸ್‌ಎ 4.0 ಅಂತ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿ ಇದೆ. ಎನ್‌ಸಿ ಅಂದರೆ ವ್ಯಾಪಾರಕ್ಕಿಲ್ಲ ಅಂತ. ಹಾಗಾದರೆ ನಾನೇ ಪುಸ್ತಕ ಮಾಡಿ ಮಾರಲು ಬರುವುದಿಲ್ಲವೇ?

ಕಲಂ ಮತ್ತು ಕಲಮು:

ಬರುತ್ತದೆ. ಆ ಷರತ್ತು ಬೇರೆಯವರಿಗೆ. ಒಡೆಯರನ್ನು ಅದು ಕಟ್ಟುವುದಿಲ್ಲ. ಬೇರೆಯವರು ನಿಮ್ಮ ಥೀಸಿಸ್ ಬಳಸಬಹುದು, ಹೆಸರು ಹೇಳಬೇಕು, ಮಾರಬಾರದು, ಅದರಿಂದ ಹೊಸದೇನಾದರೂ ಮಾಡಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ನೀವು ಮಾರಬಹುದು.

ಎಚ್ಚರ ಬೇಕಾದದ್ದು ಪ್ರಕಾಶಕರ ಒಪ್ಪಂದದಲ್ಲಿ. "ಈ ಬರಹದ ಯಾವ ಹಕ್ಕನ್ನೂ ಇಲ್ಲಿಯವರೆಗೆ ಯಾರಿಗೂ ಕೊಟ್ಟಿಲ್ಲ" ಅಂತ ಒಂದು ಸಾಲು ಹಾಕಿರುತ್ತಾರೆ. ಥೀಸಿಸ್ ಭಂಡಾರದಲ್ಲಿರುವಾಗ ಆ ಸಾಲಿಗೆ ಸಹಿ ಹಾಕಿದರೆ ಅದು ಸುಳ್ಳಾಗುತ್ತದೆ. ಸಿಸಿ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ, ಪಡೆದವರಿಂದ ವಾಪಸ್ ಪಡೆಯಲೂ ಬರುವುದಿಲ್ಲ. "ಥೀಸಿಸ್ ರೂಪವು ವಿಶ್ವವಿದ್ಯಾಲಯದ ಭಂಡಾರದಲ್ಲಿರುವುದನ್ನು ಹೊರತುಪಡಿಸಿ" ಅಂತ ಸೇರಿಸಿ ಅನ್ನಿ. ಒಳ್ಳೆಯ ಪ್ರಕಾಶಕರು ಒಪ್ಪುತ್ತಾರೆ.

ಥೀಸಿಸ್ ಆನ್‌ಲೈನ್ ಬಂದ ಮೇಲೆ "ನಿಮ್ಮ ಅಮೂಲ್ಯ ಸಂಶೋಧನೆಯನ್ನು ಪುಸ್ತಕ ಮಾಡುತ್ತೇವೆ" ಅಂತ ಹೊರದೇಶದಿಂದ ಮೇಲ್ ಬರಲು ಶುರುವಾಗುತ್ತದೆ. ತಿದ್ದುವುದಿಲ್ಲ, ವಿಮರ್ಶೆ ಇಲ್ಲ, ಹಕ್ಕು ಮಾತ್ರ ಪೂರ್ತಿ ಬೇಕು. ಉತ್ತರ ಕೊಡಬೇಡಿ.

ಚಿತ್ತಾಪುರ ರಸ್ತೆ:

ಸನ್ನತಿ ಬಗ್ಗೆ ನಾನು ಹೇಳುತ್ತೇನೆ, ಇತಿಹಾಸದವನು. ಸನ್ನತಿ ಪಕ್ಕದ ಕನಗನಹಳ್ಳಿಯ ಅಶೋಕನ ಶಿಲ್ಪಕ್ಕೆ ಕಾಪಿರೈಟ್ ಇಲ್ಲ. ಅದರ ಫೋಟೊಗೆ ಇದೆ. ಪುಸ್ತಕದಿಂದ ಸ್ಕ್ಯಾನ್ ಮಾಡಿ ಕೆಳಗೆ "ಕೃಪೆ" ಅಂತ ಬರೆದರೆ ಅದು ಉಲ್ಲೇಖ ಆಯಿತು, ಅನುಮತಿ ಆಗಲಿಲ್ಲ. ಸರ್ಕಾರಿ ಪ್ರಕಟಣೆಗೂ ಪ್ರಕಟವಾದಾಗಿನಿಂದ 60 ವರ್ಷ ಹಕ್ಕು ಇರುತ್ತದೆ. ಕಲಬುರಗಿಯಿಂದ ಸನ್ನತಿ ಏನು ದೂರ? ಹೋಗಿ, ಅಲ್ಲಿಯವರನ್ನು ಕೇಳಿ ನೀವೇ ತೆಗೆಯಿರಿ. ಆಗದಿದ್ದರೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪರವಾನಗಿ ಇರುವ ಫೋಟೊ ಹುಡುಕಿ, ತೆಗೆದವರ ಹೆಸರು, ಪರವಾನಗಿ ಎರಡೂ ಬರೆಯಿರಿ.

ಗೆಳತಿ ತೆಗೆದ ಫೋಟೊ ಗೆಳತಿಯದು. ವಾಟ್ಸಾಪ್‌ನಲ್ಲಿ ಒಂದು ಮಾತು ಬರೆಸಿಕೊಂಡು ಸ್ಕ್ರೀನ್‌ಶಾಟ್ ಇಡಿ. ದುಡ್ಡು ಕೊಟ್ಟು ಸ್ಟುಡಿಯೋದವರನ್ನು ಕರೆದೊಯ್ದು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಅದು ನಿಮ್ಮದೇ. ಬಹಳ ಜನರಿಗೆ ಇದು ಉಲ್ಟಾ ಗೊತ್ತಿರುತ್ತದೆ. ಕೋಷ್ಟಕ, ಅಂಕಿಅಂಶಕ್ಕೆ ಹೆದರಬೇಡಿ. ಮಾಹಿತಿಗೆ ಕಾಪಿರೈಟ್ ಇಲ್ಲ. ಬೇರೆಯವರ ಗ್ರಾಫ್ ಅಂಟಿಸುವ ಬದಲು ಅದೇ ಅಂಕಿಯಿಂದ ನಿಮ್ಮದು ಬರೆದು, ಅಂಕಿ ಎಲ್ಲಿಂದ ಬಂತು ಅಂತ ಹೇಳಿ.

ವಚನದ ಕೆಲಸ ಮಾಡುವವರಿಗೆ ಒಂದು ಮಾತು. 12ನೇ ಶತಮಾನದ ವಚನಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿ ಅವರವು. ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು. ವಚನಗಳನ್ನು ಸಂಪಾದಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಎಲ್ಲರವು. ಅವರ ನಂತರದ ಸಂಪಾದಕರ ಪುಸ್ತಕದಿಂದ ಪುಟಗಟ್ಟಲೆ ಟಿಪ್ಪಣಿ ಎತ್ತಿ ಅನುಬಂಧ ಮಾಡಿದ್ದರೆ ಅದು ಬೇರೆ ಮಾತು.

ದಖನಿ ದಫ್ತರ್:

ಇದೇ ಮಾತು ಉರ್ದು, ಮರಾಠಿಯಿಂದ ಅನುವಾದ ಮಾಡುವವರಿಗೂ. ನಮ್ಮ ಕಡೆ ಥೀಸಿಸ್‌ನಲ್ಲಿ ಅನುವಾದ ಜಾಸ್ತಿ. ಕಲಬುರಗಿಯ ಸೂಫಿ ಸಂತ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಅವರ ಮಾತಿಗೆ ಯಾರನ್ನೂ ಕೇಳಬೇಕಾಗಿಲ್ಲ. ಈ ಕಾಲದ ಕವಿಯ ನಜ್ಮನ್ನು (ಉರ್ದು ಕವಿತೆಯನ್ನು) ಪೂರ್ತಿ ಕನ್ನಡಕ್ಕೆ ತಂದು ಹಾಕಿದರೆ ಅನುವಾದದ ಹಕ್ಕು ಆ ಕವಿಯದೋ ಮನೆಯವರದೋ. ವಿಮರ್ಶೆಗಾಗಿ ನಾಲ್ಕು ಸಾಲು ಎತ್ತಿ ಚರ್ಚಿಸಿದರೆ ಕಲಂ 52 ಕಾಯುತ್ತದೆ. ಇಡೀ ಸಂಕಲನ ಅನುಬಂಧವಾದರೆ ಕಾಯುವುದಿಲ್ಲ.

ಸಗರನಾಡಿನ ಹುಡುಗಿ:

ಹಾಡುಗಾರರದ್ದು? ಹಳೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಿಗೆ ತೊಂದರೆ ಇಲ್ಲ ಅಂತ ಗೊತ್ತಾಯಿತು. ಆದರೆ ಮೊಹರಂ ಪದಗಳಲ್ಲಿ ಒಬ್ಬರು ತಾವೇ ಕಟ್ಟಿದ್ದನ್ನು ಹಾಡಿದ್ದಾರೆ. ಕೊನೆಯ ನುಡಿಯಲ್ಲಿ ಅವರ ಹೆಸರು, ಊರು ಎರಡೂ ಬರುತ್ತವೆ. ಹಾಡುವಾಗ "ಬರಕೋ ತಂಗಿ, ಬರಕೋ" ಅಂತ ತಾವೇ ನಿಲ್ಲಿಸಿ ನಿಲ್ಲಿಸಿ ಹೇಳಿದರು.

ಕಲಂ ಮತ್ತು ಕಲಮು:

ಅವರು ಕಟ್ಟಿದ ಪದಕ್ಕೆ ಅವರೇ ಕರ್ತೃ. ಓದು ಬರಹ ಇದೆಯೋ ಇಲ್ಲವೋ ಅದು ಮುಖ್ಯವಲ್ಲ. ನೀವು ಬರೆದುಕೊಂಡಿರಿ ಅಂತ ಕಾಪಿರೈಟ್ ನಿಮ್ಮದಾಗುವುದಿಲ್ಲ. ನಮ್ಮ ಜಾನಪದ ಥೀಸಿಸ್‌ಗಳಲ್ಲಿ "ಸಂಗ್ರಹ: ನಾನು" ಅಂತ ದೊಡ್ಡದಾಗಿ ಬರೆದು ಹಾಡಿದವರನ್ನು ಅನುಬಂಧದ ಪಟ್ಟಿಗೆ ತಳ್ಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಪದ ಹಳೆಯದಾದರೂ ಹಾಡಿದ ಪ್ರದರ್ಶನಕ್ಕೆ ಬೇರೆ ಹಕ್ಕು ಇದೆ. ಕಲಂ 38ರ ಪ್ರಕಾರ ಅದು 50 ವರ್ಷ. ಸಂಶೋಧನೆಗಾಗಿಯೇ ಧ್ವನಿಮುದ್ರಿಸಿದರೆ ತಪ್ಪಲ್ಲ, ಕಲಂ 39 ಬಿಟ್ಟುಕೊಡುತ್ತದೆ. ಆ ಆಡಿಯೋವನ್ನು ಭಂಡಾರದ ಮೂಲಕ ಊರಿಗೆಲ್ಲ ಕೇಳಿಸುವುದು ಆ ವಿನಾಯಿತಿಯನ್ನು ದಾಟುತ್ತದೆ. ಹಾಗಾಗಿ ಇನ್ನೊಮ್ಮೆ ಹೋಗಿ. ಏನು ಮಾಡುತ್ತೀರಿ ಅಂತ ಮೊಬೈಲ್‌ನಲ್ಲಿ ಶೋಧಗಂಗಾ ತೆರೆದು ತೋರಿಸಿ. ಒಪ್ಪಿದರೆ ಕನ್ನಡದಲ್ಲಿ ಬರೆದ ಒಂದು ಪುಟಕ್ಕೆ ಸಹಿಯೋ ಹೆಬ್ಬೆಟ್ಟೋ ಪಡೆಯಿರಿ. ಅದನ್ನು ಓದಿ ಹೇಳಿದ ದನಿಯನ್ನೂ ಮುದ್ರಿಸಿಕೊಳ್ಳಿ. ಬೇಡ ಅಂದರೆ ಆಡಿಯೋ ಹಾಕಬೇಡಿ.

ಕಪಾಟು ನಂ. 7:

ಜೊತೆಗೆ ಅನುಬಂಧದ ವಕ್ತೃಗಳ (ಹಾಡು, ಮಾಹಿತಿ ಕೊಟ್ಟವರ) ಪಟ್ಟಿಯಲ್ಲಿರುವ ಫೋನ್ ನಂಬರ್ ತೆಗೆಯಿರಿ. ಕಾಪಿರೈಟ್ ಅಲ್ಲ, ಆದರೂ ಹೇಳುತ್ತೇನೆ. ಮುದ್ರಿತ ಪ್ರತಿಯಲ್ಲಿ ಹತ್ತು ಜನ ನೋಡುತ್ತಿದ್ದರು. ನೆಟ್‌ನಲ್ಲಿ ಯಾರು ಬೇಕಾದರೂ ನೋಡುತ್ತಾರೆ.

ಬಿಎಡ್ ಯಾದಗಿರಿ:

ಶಿಕ್ಷಣ, ಮನಃಶಾಸ್ತ್ರ ವಿಭಾಗದವರು ಇದನ್ನು ಓದಿ. ದುಡ್ಡು ಕೊಟ್ಟು ತರಿಸುವ ಮಾಪನ ಪುಸ್ತಿಕೆ ಇರುತ್ತದಲ್ಲ, ಆತಂಕ ಮಾಪನ, ಹೊಂದಾಣಿಕೆ ಮಾಪನ ಇತ್ಯಾದಿ. ಪ್ರಶ್ನೆ, ಅಂಕ ಕೊಡುವ ಕೀಲಿ ಎಲ್ಲಾ ಸೇರಿಸಿ ಅನುಬಂಧಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ನೀವು ಕೊಂಡದ್ದು ಬಳಸುವ ಪ್ರತಿ, ಹಂಚುವ ಹಕ್ಕಲ್ಲ. ಕೀಲಿ ನೆಟ್‌ಗೆ ಬಂದರೆ ಆ ಪರೀಕ್ಷೆಯೇ ಕೆಲಸಕ್ಕೆ ಬಾರದು. ಮಾಪನದ ಹೆಸರು, ರಚಿಸಿದವರು, ಒಂದೆರಡು ಮಾದರಿ ಪ್ರಶ್ನೆ ಸಾಕು. ನೀವೇ ರಚಿಸಿದ ಪ್ರಶ್ನಾವಳಿ ಆದರೆ ಪೂರ್ತಿ ಹಾಕಿ.

ಬಿಸಿಲು44:

ಒಂದು ಕೇಳಲಾ? ಪ್ಲೇಜರಿಸಂ ರಿಪೋರ್ಟ್ 10 ಪರ್ಸೆಂಟ್ ಒಳಗೆ ಬಂದಿದ್ದರೆ ಈ ಕಾಪಿರೈಟ್ ತಕರಾರು ಇರಲ್ಲ ಅಲ್ವಾ?

ಕಪಾಟು ನಂ. 7:

ಇರುತ್ತದೆ. 10 ಪರ್ಸೆಂಟ್ ಲೆಕ್ಕ ಯುಜಿಸಿಯ 2018ರ ನಿಯಮದ್ದು. ಅದು ನಕಲು ಹೊಡೆದಿದ್ದೀರಾ ಅಂತ ನೋಡುತ್ತದೆ. ಒಂದು ಫೋಟೊ ಸ್ಕ್ಯಾನ್ ಮಾಡಿ ಹಾಕಿದರೆ ಆ ಸಾಫ್ಟ್‌ವೇರ್‌ಗೆ ಕಾಣುವುದೇ ಇಲ್ಲ. ನಿಮ್ಮದೇ ಪ್ರಕಟಿತ ಲೇಖನ ಅಧ್ಯಾಯವಾಗಿದ್ದರೆ ಅದು ಕೆಂಪಾಗಿ ಕಾಣುತ್ತದೆ. ಎರಡಕ್ಕೂ ಸಂಬಂಧ ಇಲ್ಲ. ಇನ್ನು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಥೀಸಿಸ್ ಆ ಸಾಫ್ಟ್‌ವೇರ್‌ಗೆ ಬರೀ ಕಲಸುಮೇಲೋಗರ. ದಯವಿಟ್ಟು ಯೂನಿಕೋಡ್‌ಗೆ ಬದಲಾಯಿಸಿ ಕೊಡಿ. ಇಲ್ಲದಿದ್ದರೆ ತೆರೆದಿಟ್ಟರೂ ಹುಡುಕಿದವರಿಗೆ ಸಿಗುವುದಿಲ್ಲ.

ಸಂಪಾದಕರಿಗೆ ಏನು ಬರೆಯುವುದು ಅಂತ ಬಹಳ ಜನ ಕೇಳುತ್ತಾರೆ. ನಾನು ಕೊಡುವ ಮಾದರಿ ಇದು, ಬೇಕಾದವರು ತೆಗೆದುಕೊಳ್ಳಿ:

"ಮಾನ್ಯ ಸಂಪಾದಕರಿಗೆ, ನಿಮ್ಮ ಪತ್ರಿಕೆಯ ಇಂಥ ವರ್ಷದ ಇಂಥ ಸಂಚಿಕೆಯಲ್ಲಿ ನನ್ನ ಇಂಥ ಲೇಖನ ಪ್ರಕಟವಾಗಿದೆ. ಇದು ನನ್ನ ಪಿಎಚ್‌ಡಿ ಮಹಾಪ್ರಬಂಧದ ಭಾಗ. ವಿಶ್ವವಿದ್ಯಾಲಯದ ನಿಯಮದಂತೆ ಮಹಾಪ್ರಬಂಧವು ಶೋಧಗಂಗಾದಲ್ಲಿ ಎಲ್ಲರಿಗೂ ಓದಲು ಸಿಗುತ್ತದೆ. ಮೊದಲು ನಿಮ್ಮಲ್ಲಿ ಪ್ರಕಟವಾದ ವಿವರವನ್ನು ಅಧ್ಯಾಯದ ಆರಂಭದಲ್ಲಿ ಕೊಟ್ಟಿದ್ದೇನೆ. ಲೇಖನದ ಹಕ್ಕನ್ನು ನಾನು ಲಿಖಿತವಾಗಿ ಹಸ್ತಾಂತರಿಸಿಲ್ಲ ಎಂಬುದು ನನ್ನ ತಿಳುವಳಿಕೆ. ಇದರಲ್ಲಿ ನಿಮ್ಮದೇನಾದರೂ ಷರತ್ತು ಇದ್ದರೆ ತಿಳಿಸಿ."

"ದಯವಿಟ್ಟು ಅನುಮತಿ ಕೊಡಿ" ಅಂತ ಬರೆದಿಲ್ಲ, ನೋಡಿ. ಹಕ್ಕು ನಿಮ್ಮದೇ ಇರುವಾಗ ಅನುಮತಿ ಬೇಡುವುದು ಬೇಡ. ತಿಳಿಸುವುದು ಮರ್ಯಾದೆ.

ಎಲ್ಲಾ ತೆರೆದಿಡಿ:

ಇದು ಚೆನ್ನಾಗಿದೆ. ಆದರೂ ಪುಸ್ತಕಕ್ಕಾಗಿ ಥೀಸಿಸ್ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಮುದ್ರಣಾಲಯದ ಮಗ:

ಒಂದು ವರ್ಷ ತಡೆ ಕೇಳಿದರೆ ಮುಚ್ಚಿಟ್ಟ ಹಾಗಲ್ಲ ಮಾರಾಯ. ನೀವು ಪುಸ್ತಕ ಕೊಳ್ಳಿ, ಆಮೇಲೆ ಮಾತಾಡೋಣ.

ಸಗರನಾಡಿನ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಗೈಡ್ ಒಪ್ಪಿಗೆ ಮೇಲ್ ಬಂತು. ಪ್ರಕಾಶಕರಿಗೆ ಫೋನ್ ಮಾಡಿ ನಿಯಮ ಹೇಳಿದೆ. ಮೊದಲೆರಡು ಅಧ್ಯಾಯ ಬಿಟ್ಟು ಮತ್ತೆ ಬರೆದುಕೊಟ್ಟರೆ ತೆಗೆದುಕೊಳ್ಳುತ್ತಾರಂತೆ. ತಡೆ ಕೇಳುವುದಿಲ್ಲ ಅಂತ ನಿರ್ಧರಿಸಿದ್ದೇನೆ. ಹಾಡುಗಾರರನ್ನು ಕೇಳುವವರೆಗೆ ಆಡಿಯೋ ಕೊಡುವುದಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಸನ್ನತಿಗೆ ಹೋಗಿ ಬರುವಷ್ಟು ಸಮಯ ಈಗ ಇಲ್ಲ. ಆ ಸ್ಕ್ಯಾನ್ ಫೋಟೊಗಳನ್ನು ಆನ್‌ಲೈನ್ ಪ್ರತಿಯಿಂದ ತೆಗೆದರೆ ಪುಟಸಂಖ್ಯೆ ಎಲ್ಲಾ ಬದಲಾಗುತ್ತದೆ. ವೈವಾ ಆದ ಪ್ರತಿಗೂ ಇದಕ್ಕೂ ತಾಳೆ ಆಗುವುದಿಲ್ಲ ಅಲ್ವಾ?

ಕಪಾಟು ನಂ. 7:

ಪುಟ ತೆಗೆಯಬೇಡಿ. ಫೋಟೊ ಮಾತ್ರ ತೆಗೆದು ಅದೇ ಅಳತೆಯ ಖಾಲಿ ಚೌಕ ಇಡಿ. ಒಳಗೆ "ಕಾಪಿರೈಟ್ ಕಾರಣದಿಂದ ಆನ್‌ಲೈನ್ ಪ್ರತಿಯಲ್ಲಿ ಈ ಚಿತ್ರ ಕೊಟ್ಟಿಲ್ಲ, ಮುದ್ರಿತ ಪ್ರತಿ ಗ್ರಂಥಾಲಯದಲ್ಲಿದೆ" ಅಂತ ಬರೆದು, ಚಿತ್ರ ಯಾವ ಪುಸ್ತಕದ ಯಾವ ಪುಟದ್ದು ಅಂತ ಕೆಳಗೆ ಹಾಕಿ. ಪುಟಸಂಖ್ಯೆ ಹಾಗೇ ಇರುತ್ತದೆ. ಹೀಗೆ ಬದಲಾಯಿಸಿದ್ದನ್ನು ಒಂದು ಸಾಲಿನಲ್ಲಿ ಗೈಡ್ ಸಹಿ ಸಮೇತ ಫಾರ್ಮ್ ಜೊತೆ ಲಗತ್ತಿಸಿ. ಫೈಲ್ ಎರಡು ತನ್ನಿ, ಪೂರ್ತಿ ಇರುವುದು ಒಂದು, ತೆರೆಯುವುದು ಒಂದು. ಯಾವುದು ಯಾವುದು ಅಂತ ಫೈಲ್ ಹೆಸರಿನಲ್ಲೇ ಬರೆಯಿರಿ. ಮಧ್ಯಾಹ್ನ ಊಟದ ಹೊತ್ತಿಗೆ ಬರಬೇಡಿ, ಸರ್ವರ್ ಆಗಲೇ ಕೈಕೊಡುವುದು.